ಬೀಗ ಹಾಕುವ ಮನೆಗೊಂದು ನಾಯಿ

ನಮ್ಮ ಕಡೆಯವರು ಎತ್ತು ಕೊಳ್ಳುವುದನ್ನು ನೀವು ನೋಡಿರಬೇಕು. ಮೊದಲು ದೂರದಲ್ಲಿ ನಿಂತು, ನೋಡಿಯೂ ನೋಡದವರ ಹಾಗೆ ಬೀಡಿ ಹಚ್ಚುತ್ತಾರೆ. ಆಮೇಲೆ ಹತ್ತಿರ ಹೋಗಿ ಬಾಲ ತಿರುವುತ್ತಾರೆ, ಗೊರಸು ನೋಡುತ್ತಾರೆ, ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಹಣೆ ಮೇಲೆ ಬೆನ್ನ ಮೇಲೆ ಸುಳಿ ಎಲ್ಲೆಲ್ಲಿದೆ ಎಂದು ಹುಡುಕುತ್ತಾರೆ. ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೋ ನೋಡುತ್ತಾರೆ. ಟವೆಲಿನಡಿ ಬೆರಳು ಹಿಡಿದು ರೇಟು ಮಾತಾಡುತ್ತಾರೆ. ಇಷ್ಟೆಲ್ಲ ಆದ ಮೇಲೂ "ಮನೇಲಿ ಒಂದ್ ಮಾತು ಕೇಳ್ಕೊಂಡು ಬತ್ತೀನಿ" ಎಂದು ಪಂಚೆ ಕೊಡವಿಕೊಂಡು ಎದ್ದುಬಿಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರದ ಕತೆಯಂತೂ ಹೇಳುವುದೇ ಬೇಡ. ಅಲ್ಲಿ ಮೂರು ತಲೆಮಾರಿನ ಸುಳಿ ಹುಡುಕುತ್ತಾರೆ.

ಇಷ್ಟು ಜಾಣನಾದ ಮನುಷ್ಯ ನಾಯಿಮರಿ ವಿಷಯಕ್ಕೆ ಬಂದರೆ ಏನು ಮಾಡುತ್ತಾನೆ? ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಸ್ನೇಹಿತ "ನಮ್ ನಾಯಿ ಆರು ಮರಿ ಹಾಕ್ಬುಟ್ಟದ, ನೀನೊಂದ್ ತಕ್ಕೊ" ಎಂದರೆ ಸಾಕು. ತರಕಾರಿ ಚೀಲದಲ್ಲಿ ಹಾಕಿಕೊಂಡು, ಮೂಗು ಮಾತ್ರ ಆಚೆ ಬಿಟ್ಟು, ಯಳಂದೂರು ಬಸ್ಸು ಹತ್ತಿಬಿಡುತ್ತಾನೆ. ಮನೇಲಿ ಒಂದ್ ಮಾತು ಕೇಳುವುದು ಆಮೇಲೆ, ಮರಿ ಅಡುಗೆಮನೆಯಲ್ಲಿ ಉಚ್ಚೆ ಹುಯ್ದ ಮೇಲೆ. ಎತ್ತು ಕೆಲವು ವರ್ಷ ದುಡಿದು ಇನ್ನೊಬ್ಬರ ಕೈಗೆ ಹೋಗುತ್ತದೆ. ಆ ಚೀಲದೊಳಗಿನ ಗಿರಾಕಿ ಚೆನ್ನಾಗಿ ನೋಡಿಕೊಂಡರೆ 10ರಿಂದ 13 ವರ್ಷ ನಮ್ಮ ಮನೆಯಲ್ಲೇ ಇರುತ್ತದೆ. ಅಷ್ಟರೊಳಗೆ ಎರಡು ವಿಧಾನಸಭೆ ಚುನಾವಣೆ ಬಂದು ಹೋಗಿರುತ್ತವೆ. ಒಂದು ಗುರುತಿಗೆ ಓಟು ಹಾಕಿ ಇನ್ನೊಂದು ಪಕ್ಷದ ಶಾಸಕರನ್ನು ಪಡೆದ ಅನುಭವ ಕೊಳ್ಳೇಗಾಲ ಕ್ಷೇತ್ರದವರಾದ ನಮಗೆ ಇದ್ದೇ ಇದೆ. ನಾಯಿ ಹಾಗೆಲ್ಲ ಪಕ್ಷ ಬಿಡುವುದಿಲ್ಲ. ಬಿಡುವವರು ನಾವೇ.

ಈಗ ಈ ವಿಷಯ ಯಾಕೆ ಎತ್ತಿದೆನೆಂದರೆ, ನಮ್ಮ ಅಕ್ಕನ ಮಗನಿಗೆ ನಾಯಿ ಸಾಕುವ ಹುಕಿ ಬಂದಿದೆ. ಹುಡುಗ ಬೆಂಗಳೂರಿನ ಕಂಪ್ಯೂಟರ್ ಕೆಲಸದವನು. ಕೊರೋನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಎಂದು ಹೊನ್ನೂರಿಗೆ ಬಂದವನು, ಅರ್ಧ ವಾರ ಅಲ್ಲಿ, ಅರ್ಧ ವಾರ ಇಲ್ಲಿ ಎಂದು ಇನ್ನೂ ಬಸ್ಸಿಗೆ ದುಡ್ಡು ಸುರಿಯುತ್ತಿದ್ದಾನೆ. ಅವನಿಗೆ ಬೇಕಾದದ್ದು ಅಂತಿಂಥ ನಾಯಿಯಲ್ಲ, ಸೈಬೀರಿಯನ್ ಹಸ್ಕಿ. ನೀಲಿ ಕಣ್ಣು, ಬಿಳಿ ಬೂದಿ ಬಣ್ಣ, ತೋಳದ ಮುಖ. ಫೋನಿನಲ್ಲಿ ಫೋಟೊ ತೋರಿಸಿದ. ಮಂಜಿನ ಮೇಲೆ ನಿಂತಿತ್ತು.

"ಚೆನ್ನಾಗದ ಕಣಪ್ಪ. ಆ ಮಂಜನ್ನ ಎಲ್ಲಿಂದ ತಂದೀಯ?" ಎಂದೆ.

"ಏಸಿ ಹಾಕಿಸ್ತೀನಿ ಮಾವ" ಎಂದ.

ಅವರಪ್ಪನಿಗೆ ಫ್ಯಾನು ಎರಡರ ಮೇಲೆ ಹೋದರೆ ಕರೆಂಟು ಬಿಲ್ಲು ಕಣ್ಣಮುಂದೆ ಬರುತ್ತದೆ. ಹಸ್ಕಿಗೆ ಮೈಮೇಲೆ ಎರಡು ಪದರ ತುಪ್ಪಟ. ಸೈಬೀರಿಯದ ಚುಕ್ಚಿ ಜನ ಅದನ್ನು ಬೆಳೆಸಿದ್ದು ಜಾರುಬಂಡಿ ಎಳೆಯಲು. 1925ರಲ್ಲಿ ಅಲಾಸ್ಕದ ನೋಮ್ ಎಂಬ ಊರಿನಲ್ಲಿ ಮಕ್ಕಳಿಗೆ ಗಂಟಲಮಾರಿ ಬಂದಾಗ, ವಿಮಾನ ಹಾರಲಾಗದ ಚಳಿಯಲ್ಲಿ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸರದಿಯ ಮೇಲೆ ಓಡಿ ಆರು ದಿನದೊಳಗೆ ಮದ್ದು ಮುಟ್ಟಿಸಿದವು ಈ ನಾಯಿಗಳು. ಬಾಲ್ಟೊ, ಟೋಗೊ ಎಂಬ ಹೆಸರು ಇವತ್ತಿಗೂ ಜಗತ್ತಿಗೆಲ್ಲ ಗೊತ್ತು. ದೊಡ್ಡ ಸಂಗತಿಯೇ. ಆದರೆ ಹೊನ್ನೂರಿನಿಂದ ಯಳಂದೂರಿಗೆ ಹೋಗಿ ಮಾತ್ರೆ ತರಲು ನಮ್ಮ ಮನೆಯಲ್ಲಿ ಬೈಕಿದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿ ಅಷ್ಟಿಷ್ಟು ಬೆವರಿದರೆ ಉಂಟು, ಉಳಿದದ್ದೆಲ್ಲ ನಾಲಗೆ ಚಾಚಿ ತೇಕಿಯೇ ತಣ್ಣಗಾಗಬೇಕು. ನಮ್ಮ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಊರ ನಾಯಿಗಳೇ ಚರಂಡಿ ಪಕ್ಕದ ಒದ್ದೆ ಮಣ್ಣು ಕೆರೆದು ಹೊಟ್ಟೆ ಒತ್ತಿಕೊಂಡು ಮಲಗುತ್ತವೆ. ಕಂಬಳಿ ಹೊದ್ದು ಹುಟ್ಟಿದ ಪ್ರಾಣಿಯನ್ನು ತಂದು ಈ ಬಿಸಿಲಿಗೆ ಕಟ್ಟುವುದಕ್ಕೆ ಪ್ರೀತಿ ಎಂದು ಹೆಸರಿಡಲು ನನಗೆ ಮನಸ್ಸಾಗುವುದಿಲ್ಲ.

"ಹಂಗಾದ್ರೆ ಲ್ಯಾಬ್ರಡಾರ್?" ಎಂದ. ನನಗೆ ಗೊತ್ತಿತ್ತು, ಮುಂದಿನ ಹೆಸರು ಅದೇ ಎಂದು. 2022ರ ಜೂನ್‌ನಲ್ಲಿ '777 ಚಾರ್ಲಿ' ಬಂದದ್ದೇ ಬಂದದ್ದು, ರಕ್ಷಿತ್ ಶೆಟ್ಟಿಯ ಜೊತೆ ನಾಡಿಗೆ ನಾಡೇ ಅತ್ತಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೂ ಸಿನಿಮಾ ನೋಡಿ ಕಣ್ಣೊರೆಸಿಕೊಂಡರು. ಅವರು ಹಿಂದಿನ ವರ್ಷವಷ್ಟೇ ತಮ್ಮ ಮನೆಯ ಸನ್ನಿಯನ್ನು ಕಳೆದುಕೊಂಡಿದ್ದವರು, ಅವರ ಅಳುವಿಗೆ ಅರ್ಥವಿತ್ತು. ಉಳಿದವರದ್ದು ಬೇರೆ ಕತೆ. ಥಿಯೇಟರಿನಲ್ಲಿ ಟವೆಲು ಒದ್ದೆ ಮಾಡಿಕೊಂಡು ಬಂದ ನಮ್ಮ ಪಕ್ಕದೂರಿನ ಒಬ್ಬರು ವಾರದೊಳಗೆ ಲ್ಯಾಬ್ರಡಾರ್ ಮರಿ ತಂದರು. ಅದೇ ಸಿನಿಮಾ ದುಡ್ಡಿಗಾಗಿ ನಾಯಿಗಳನ್ನು ಕತ್ತಲ ಗೂಡಿನಲ್ಲಿಟ್ಟು ಮರಿ ಹಾಕಿಸುವವರ ಬಗ್ಗೆ ಹೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ, ಆಗ ಮೂಗು ಸೀಟುತ್ತಿದ್ದರು ಅನ್ನಿಸುತ್ತದೆ. ಮರಿ ಬೆಳೆಯಿತು. ಲ್ಯಾಬ್ರಡಾರಿಗೆ ಹೊಟ್ಟೆ ತುಂಬಿತು ಎಂಬುದೇ ತಿಳಿಯುವುದಿಲ್ಲ. ಹಾಕಿದಷ್ಟೂ ತಿನ್ನುತ್ತದೆ, ಓಡಾಡಿಸದಿದ್ದರೆ ಊದುತ್ತದೆ. ಈಗ ಅದು ತೋಟದ ಮೋಟರ್ ಶೆಡ್ಡಿನ ಹತ್ತಿರ, ಎರಡು ಮಾರು ಸರಪಳಿಯಲ್ಲಿ ಇದೆ. ಸಿನಿಮಾ ಮಾತ್ರ ಅವರು ಇನ್ನೂ ಟೀವಿಯಲ್ಲಿ ಬಂದಾಗಲೆಲ್ಲ ನೋಡಿ ಅಳುತ್ತಾರೆ.

ಮುಧೋಳದ ನಾಯಿಯ ಮಾತೂ ಬಂತು. ಸ್ವದೇಶಿ, ಅಂಚೆಚೀಟಿ ಮೇಲೆ 2005ರಲ್ಲೇ ಹತ್ತಿದೆ, ಸೇನೆಯವರೂ ತರಬೇತಿ ಕೊಟ್ಟು ನೋಡಿದ್ದಾರೆ, ಪ್ರಧಾನಿ 2020ರಲ್ಲಿ 'ಮನ್ ಕಿ ಬಾತ್'ನಲ್ಲಿ ಹೊಗಳಿದ್ದಾರೆ. ಎಲ್ಲವೂ ಸರಿ. ಆದರೆ ಬಾಗಲಕೋಟೆ ಸೀಮೆಯ ಬಯಲಿನಲ್ಲಿ ಮೊಲದ ಹಿಂದೆ ಓಡಲೆಂದೇ ಹುಟ್ಟಿದ ಕಾಲು ಅವು. ಅದನ್ನು ತಂದು ಮೂವತ್ತು–ನಲವತ್ತರ ಸೈಟಿನಲ್ಲಿ ಕಾರು ಮತ್ತು ಗೋಡೆಯ ನಡುವೆ ಕಟ್ಟಿ, "ಸ್ವದೇಶಿ ಸಾಕ್ತಾ ಇದೀನಿ" ಎಂದರೆ ದೇಶಕ್ಕೆ ಏನು ಬಂತು? ಅಲ್ಲದೆ ನಮ್ಮ ಜನ ಮಾತಾಡುವುದು ಕೇಳಿ: "ಅದು ಜಾತಿ ನಾಯಿ, ಇದು ಕಂತ್ರಿ ನಾಯಿ." ಸಾವಿರ ವರ್ಷದಿಂದ ಮನುಷ್ಯರ ಜಾತಿ ನೋಡಿ ನೋಡಿ ಕಣ್ಣು ಸವೆದರೂ ತೃಪ್ತಿಯಾಗದೆ ನಾಯಿಯದ್ದೂ ಕೇಳುತ್ತಾರೆ. ಅದಕ್ಕೆ ಸರ್ಟಿಫಿಕೇಟು ಬೇರೆ.

ಈ ಹೊತ್ತಿಗೆ ಜಗಲಿಯ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದ ನಮ್ಮ ದೊಡ್ಡವ್ವ ಕುಟ್ಟಾಣಿ ನಿಲ್ಲಿಸಿದಳು. ಅವಳು ಕುಟ್ಟಾಣಿ ನಿಲ್ಲಿಸಿದಳೆಂದರೆ ಊರಿನಲ್ಲಿ ಯಾರದೋ ವಿಚಾರಣೆ ಶುರುವಾಯಿತು ಎಂದರ್ಥ.

"ಏನ್ಲಾ ಕುಸ, ನಾಯಿ ತಂದೀಯಾ?"

"ಹೂಂ ಅಜ್ಜಿ. ನಾನು ರೆಡಿ ಆಗಿದೀನಿ."

"ನೀನು ರೆಡಿ ಕಣಪ್ಪ. ದೀಪಾವಳಿಗ ಬೆಟ್ಟಕ್ಕ ಹ್ವಾದ್ರ ಮನೇಲಿ ಯಾರು ಉಳ್ಕಳರು?"

ಹುಡುಗ ಬಾಯಿ ತೆರೆದು ಹಾಗೇ ನಿಂತ. ಅವನು ತಳಿ ಓದಿದ್ದ, ಆಹಾರದ ಚೀಲದ ಬೆಲೆ ಹೋಲಿಸಿದ್ದ, ಕೊರಳಪಟ್ಟಿಯ ಬಣ್ಣ ಕೂಡ ನೆನೆದಿಟ್ಟಿದ್ದ. ಈ ಪ್ರಶ್ನೆ ಎಲ್ಲೂ ಸಿಕ್ಕಿರಲಿಲ್ಲ. ನನಗೆ ಕೇಳಿದರೆ, ಸಾಕುಪ್ರಾಣಿಯ ವಿಷಯದಲ್ಲಿ ಇರುವುದು ಇದೊಂದೇ ಪ್ರಶ್ನೆ. ಮಿಕ್ಕವೆಲ್ಲ ಇದರ ಮಕ್ಕಳು ಮೊಮ್ಮಕ್ಕಳು. ಪ್ರೀತಿ ಇದೆಯೇ ಎಂದು ಯಾರನ್ನು ಕೇಳಿದರೂ ಇದೆ ಎನ್ನುತ್ತಾರೆ. ಪ್ರೀತಿಗೇನು, ಕೂತಲ್ಲೇ ಬರುತ್ತದೆ. ಬೀಗದ ಕೈ ತೆಗೆದುಕೊಂಡು ಎಲ್ಲರೂ ಒಟ್ಟಿಗೆ ಹೊರಡುವ ಮನೆಯೋ, ಒಬ್ಬರಾದರೂ ಹಿಂದೆ ಉಳಿಯುವ ಮನೆಯೋ, ಅದನ್ನು ಹೇಳಿ.

ನಮ್ಮ ಸೀಮೆಯ ವರ್ಷದ ಲೆಕ್ಕ ಹಾಕಿ ನೋಡಿ. ಮಾದಪ್ಪನ ಬೆಟ್ಟಕ್ಕೆ ಶಿವರಾತ್ರಿಗೊಮ್ಮೆ, ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಜನ ಹೊಳೆಯಾಗಿ ಹರಿಯುತ್ತಾರೆ. ಬಿಳಿಗಿರಿರಂಗನ ತೇರು ಬೇರೆ. ಮಧ್ಯೆ ಚಿಕ್ಕಲ್ಲೂರು ಜಾತ್ರೆ. ಆಷಾಢ ಕಳೆಯಿತೆಂದರೆ ಮದುವೆ, ನಾಮಕರಣ, ಗೃಹಪ್ರವೇಶ. ತಿಥಿ ಊಟಕ್ಕೆ ಕಾಲವೇ ಇಲ್ಲ. ಹತ್ತಿರದ ನೆಂಟರ ಮದುವೆಗೆ "ಮನೇಲಿ ನಾಯಿ ಒಂದೇ ಅದ, ಬರಕ್ಕಾಗಲ್ಲ" ಎಂದು ಹೇಳಿ ನೋಡಿ. ಆ ನೆಂಟಸ್ತಿಕೆ ಅಲ್ಲಿಗೆ ಮುಗಿಯಿತು. ಮುಂದಿನ ಹತ್ತು ವರ್ಷ, "ಅವರ ಮನೆ ನಾಯಿಗಿಂತ ಕಡೆಯಾಗೋದ್ವಾ ನಾವು" ಎಂಬ ಮಾತು ಊರೂರು ಸುತ್ತುತ್ತದೆ.

ಇದೇ ಜನ ರೇಷ್ಮೆ ಹುಳುವಿಗೆ ಮಾತ್ರ ರಿಯಾಯಿತಿ ಕೊಡುತ್ತಾರೆ, ನೋಡಿ. ಕೊಳ್ಳೇಗಾಲ ರೇಷ್ಮೆಯ ಸೀಮೆ. "ಹುಳ ನಾಲ್ಕನೇ ಜ್ವರ ಎದ್ದದ" ಎಂದು ಹೇಳಿದರೆ ಸಾಕು, ಸ್ವಂತ ಅಣ್ಣನ ಮಗಳ ಧಾರೆಗೆ ಹೋಗದಿದ್ದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳ ಅದುವರೆಗೆ ತಿಂದದ್ದೆಲ್ಲ ಲೆಕ್ಕಕ್ಕೇ ಇಲ್ಲ ಎನ್ನುವ ಹಾಗೆ ತಿನ್ನತೊಡಗುತ್ತದೆ. ಒಟ್ಟು ಸೊಪ್ಪಿನ ಮುಕ್ಕಾಲಿಗೂ ಹೆಚ್ಚು ಪಾಲು ಆ ಒಂದು ವಾರದಲ್ಲೇ ಖರ್ಚು. ಹಗಲೂ ರಾತ್ರಿ ಸೊಪ್ಪು ಹಾಕಬೇಕು, ಕಸ ತೆಗೆಯಬೇಕು, ಇರುವೆ ಕಾಯಬೇಕು, ಇಲಿ ಕಾಯಬೇಕು. ಮನೆಗೆ ಬೀಗ ಹಾಕುವ ಮಾತೇ ಇಲ್ಲ. ಆದರೆ ಅದಕ್ಕೊಂದು ಕೊನೆಯಿದೆ. ತಿಂಗಳೊಳಗೆ ಹುಳ ಚಂದ್ರಿಕೆ ಹತ್ತಿ ಗೂಡು ಕಟ್ಟುತ್ತದೆ, ಗೂಡು ಮಾರುಕಟ್ಟೆಗೆ ಹೋಗುತ್ತದೆ, ದುಡ್ಡು ಜೇಬಿಗೆ ಬರುತ್ತದೆ, ಮನೆಯವರು ಟೆಂಪೊ ಮಾಡಿಕೊಂಡು ಬೆಟ್ಟಕ್ಕೆ ಹೊರಡುತ್ತಾರೆ. ನಾಯಿ ಗೂಡು ಕಟ್ಟುವುದಿಲ್ಲ. ಅದರದ್ದು ಹದಿಮೂರು ವರ್ಷವೂ ನಾಲ್ಕನೇ ಜ್ವರವೇ.

ಹುಡುಗ ಸುಲಭಕ್ಕೆ ಸೋಲುವವನಲ್ಲ. "ಹಿಂದಿನ ಕಾಲದಲ್ಲಿ ಎಲ್ಲರ ಮನೇಲೂ ನಾಯಿ ಇರಲಿಲ್ವಾ? ಅವರೇನು ಇಷ್ಟೆಲ್ಲ ಯೋಚನೆ ಮಾಡ್ತಿದ್ರಾ?" ಎಂದ.

ಒಳ್ಳೆಯ ಪ್ರಶ್ನೆ. ಇರಲಿಲ್ಲವೇನು, ಇತ್ತು. ಕರಿಯ, ಕೆಂಚ, ಬಿಳಿಯ, ಸ್ವಲ್ಪ ಓದಿದವರ ಮನೆಯಾದರೆ ಟಾಮಿ. ಆದರೆ ಆ ಮನೆಗಳಿಗೆ ಬೀಗವೇ ಇರುತ್ತಿರಲಿಲ್ಲ. ಒಂದು ಹಟ್ಟಿಯಲ್ಲಿ ಹದಿನೈದು ಜನ, ಯಾರೋ ಒಬ್ಬರು ಬಾಣಂತಿ, ಯಾರೋ ಒಬ್ಬರು ಮುದುಕರು, ಯಾರೋ ಒಬ್ಬರು ಹೊಟ್ಟೆನೋವು ಎಂದು ಸ್ಕೂಲಿಗೆ ಹೋಗದವರು. ನಾಯಿ ಯಾರದು ಎಂದು ಕೇಳಿದರೆ ಬೀದಿಯದು. ಊಟಕ್ಕೆ ಮಾತ್ರ ನಾಲ್ಕು ಮನೆ. ಒಂದು ಮನೆಯವರು ಜಾತ್ರೆಗೆ ಹೋದರೆ ಮೂರು ಮನೆಯ ಮುದ್ದೆ ಇರುತ್ತಿತ್ತು. ಈಗ ನಾವು ಮೂರು ಜನಕ್ಕೊಂದು ಮನೆ ಕಟ್ಟಿ, ಮನೆಗೊಂದು ಕಾಂಪೌಂಡು ಕಟ್ಟಿ, ಕಾಂಪೌಂಡಿಗೊಂದು ಗೇಟು ಹಾಕಿ, ಗೇಟಿನ ಒಳಗೆ ನಾಯಿ ಬಿಟ್ಟಿದ್ದೇವೆ. ಆ ನಾಯಿಗೆ ಇರುವುದು ಒಂದೇ ತಟ್ಟೆ. ಆ ತಟ್ಟೆಯವರು ಬೀಗ ಹಾಕಿಕೊಂಡು ಹೋದರೆ ಅದು ಗೇಟಿನ ಕಂಬಿಗೆ ಮೂತಿ ಒತ್ತಿ ಊಳಿಡುತ್ತದೆ, ಪಕ್ಕದ ಮನೆಯವರು ಅಪಶಕುನ ಎಂದು ಉಗಿಯುತ್ತಾರೆ.

ಇನ್ನೂ ಹಿಂದೆ ಹೋಗುವುದಾದರೆ ಹೊಳೆ ದಾಟಿ ಮದ್ದೂರು ತಾಲ್ಲೂಕಿನ ಆತಕೂರಿಗೆ ಹೋಗಬೇಕು. ಸುಮಾರು 950ನೆಯ ಇಸವಿಯ ಮಾತು. ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿ ಬಂದ ಗಂಗರ ಇಮ್ಮಡಿ ಬೂತುಗ ತನ್ನ ಸೇವಕ ಮಣಲೇರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಕೇಳು ಎಂದ. ನಮ್ಮವರಾಗಿದ್ದರೆ ನೀರಾವರಿ ಜಮೀನು ಕೇಳುತ್ತಿದ್ದರು. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಊರೂ ಸಿಕ್ಕಿತು ಅನ್ನಿ, ಅದು ಬೇರೆ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ ಅದನ್ನೂ ಕೊಂದು ತಾನೂ ಸತ್ತಿತು. ಮಣಲೇರ ಕಲ್ಲು ನಿಲ್ಲಿಸಿದ, ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಚ್ಚಾಡುವುದನ್ನು ಕೆತ್ತಿಸಿದ, ಪೂಜೆಗೆಂದು ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ ಉಣ್ಣಬಾರದು ಎಂದೂ ಬರೆಸಿದ. ಶಾಸನ ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ, ಬೇಕಾದವರು ಹೋಗಿ ನೋಡಬಹುದು. ಸತ್ತ ನಾಯಿಗೆ ಎಡೆ ಇಡದೆ ಉಣ್ಣಬೇಡ ಎಂದವನು ಅವನು. ನಮಗೆ ಬದುಕಿರುವ ನಾಯಿಯ ತಟ್ಟೆ ಖಾಲಿಯಿದೆ ಎಂಬುದು ನೆನಪಾಗುವುದು ನಾವು ಮಜ್ಜಿಗೆ ಅನ್ನಕ್ಕೆ ಬಂದಾಗ.

ಆ ತಟ್ಟೆಗೆ ಏನು ಹಾಕುತ್ತೇವೆ ಎಂಬುದೂ ಒಂದು ಕತೆ. ನಮ್ಮ ಸಾರು ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಕುದಿಯುವುದಿಲ್ಲ. ಅವೆರಡೂ ನಾಯಿಯ ರಕ್ತಕ್ಕೆ ಆಗುವುದಿಲ್ಲ. ಭಾನುವಾರ ಬೆಂದ ಕೋಳಿಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಮಕ್ಕಳು ಪ್ರೀತಿಯಿಂದ ಕೊಡುವ ಚಾಕೊಲೇಟು, ದ್ರಾಕ್ಷಿ ಎರಡೂ ವಿಷ. "ನಮ್ಮ ಕಾಲದಲ್ಲಿ ಎಲ್ಲಾ ತಿಂತಿದ್ವು" ಎನ್ನುತ್ತೀರಿ. ತಿನ್ನುತ್ತಿದ್ದವು, ಎಷ್ಟು ವರ್ಷ ಬದುಕುತ್ತಿದ್ದವು ಎಂದು ಯಾರು ಬರೆದಿಟ್ಟಿದ್ದಾರೆ?

ಮತ್ತೆ ಚಪ್ಪಲಿ. ಮರಿಗೆ ಹಲ್ಲು ಬರುವ ಕಾಲದಲ್ಲಿ ಮನೆಯಲ್ಲಿ ಜೋಡಿ ಎಂಬುದು ಉಳಿಯುವುದಿಲ್ಲ. ನಮ್ಮ ಬಿಳಿಗಿರಿರಂಗನಿಗೆ ಬೂದಿತಿಟ್ಟು ಊರಿನವರು ದೊಡ್ಡ ಪಾದುಕೆ ಹೊಲಿದು ಒಪ್ಪಿಸುತ್ತಾರೆ, ದೇವರು ಅದನ್ನು ಮೆಟ್ಟಿಕೊಂಡು ಕಾಡೆಲ್ಲ ತಿರುಗಿ ಸವೆಸುತ್ತಾನೆ ಎಂಬ ನಂಬಿಕೆ. ಒಂದು ನಾಯಿಮರಿ ಕೊಟ್ಟು ನೋಡಲಿ, ಸವೆಸಲು ದೇವರು ಅಷ್ಟು ದೂರ ನಡೆಯಬೇಕಾಗಿಯೇ ಇಲ್ಲ.

ಬೆಟ್ಟದ ಮಾತು ಬಂತಲ್ಲ, ಚಿರತೆಯನ್ನು ಮರೆಯಬಾರದು. ಬಿಳಿಗಿರಿ ಕಾಡು 2011ರಲ್ಲಿ ಹುಲಿ ಮೀಸಲು ಆಯಿತು, ಮಾದಪ್ಪನ ಬೆಟ್ಟದ ಕಾಡು 2013ರಲ್ಲಿ ವನ್ಯಧಾಮ ಆಯಿತು. ಚಿರತೆಗೆ ಅಷ್ಟು ಜಾಗವಿದ್ದರೂ ಅದಕ್ಕೆ ಕಬ್ಬಿನ ಗದ್ದೆ ಇಷ್ಟ, ಕಬ್ಬಿನ ಗದ್ದೆಗಿಂತ ನಾಯಿ ಇಷ್ಟ. ಮಹಾರಾಷ್ಟ್ರದ ಅಕೋಲೆ ಸೀಮೆಯ ಹೊಲಗದ್ದೆಗಳಲ್ಲಿ ವಿದ್ಯಾ ಆತ್ರೇಯ ಮತ್ತು ಜೊತೆಗಾರರು ಚಿರತೆ ಹಿಕ್ಕೆ ಪರೀಕ್ಷಿಸಿ ನೋಡಿದಾಗ, ಅದು ತಿಂದದ್ದರ ತೂಕದಲ್ಲಿ ಶೇ 39 ಭಾಗ ನಾಯಿಯದೇ ಆಗಿತ್ತು. ನಮ್ಮ ಕಡೆಯವರು ಇದಕ್ಕೆ ಹಿಕ್ಕೆ ಕೆದಕಬೇಕಾಗಿಲ್ಲ. ಬೆಳಗ್ಗೆ ಎದ್ದರೆ ತೋಟದ ಮನೆಯ ಮುಂದೆ ತುಂಡಾದ ಸರಪಳಿ ಇರುತ್ತದೆ. ಸರಪಳಿ ಹಾಕಿ ಅಂಗಳದಲ್ಲಿ ಕಟ್ಟಿದ ನಾಯಿ ಮನೆ ಕಾಯುತ್ತದೆ ಎಂದು ನಾವು ತಿಳಿದಿದ್ದೇವೆ. ಚಿರತೆ ಅದನ್ನು ಬಡಿಸಿಟ್ಟ ಎಲೆ ಎಂದು ತಿಳಿದಿದೆ. ರಾತ್ರಿ ಒಳಗೆ ಮಲಗಿಸುವ ಮನಸ್ಸಿದೆಯೇ? "ಹಾಂ, ಒಳಗಾ?" ಎಂದು ದೊಡ್ಡವ್ವ ಹುಬ್ಬೇರಿಸಿದಳು. ಅವಳ ಕಾನೂನಿನಲ್ಲಿ ನಾಯಿಗೆ ಹೊಸ್ತಿಲೇ ಗಡಿ.

ಕಾಡಿನ ಪಕ್ಕದವರಿಗೆ ಇನ್ನೊಂದು ಬಾಧ್ಯತೆಯೂ ಇದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತಾಗ, ಅವುಗಳಲ್ಲಿ ಡಿಸ್ಟೆಂಪರ್ ಎಂಬ ನಾಯಿರೋಗದ ವೈರಾಣು ಸಿಕ್ಕಿತ್ತು. ನಮ್ಮ ಬೆಟ್ಟದಲ್ಲಿ ಹುಲಿ ಇದೆ, ಸೀಳುನಾಯಿ ಇದೆ. ಲಸಿಕೆ ಹಾಕಿಸದ ಒಂದು ಸಾಕುನಾಯಿ ಕಾಡಂಚಿನಲ್ಲಿ ಸುತ್ತಾಡಿ ಬಂದರೆ ಅದು ಏನು ಬಿಟ್ಟು ಬಂತೋ ಯಾರಿಗೆ ಗೊತ್ತು. ಹುಲಿಯನ್ನೇ ಸವಾರಿಗೆ ಪಳಗಿಸಿದ ಮಾದಪ್ಪನ ಒಕ್ಕಲು ನಾವು. ಅವನ ವಾಹನಕ್ಕೆ ನಮ್ಮ ಟಾಮಿಯಿಂದ ಜ್ವರ ಬಂದರೆ ಮುಖ ಎಲ್ಲಿಡುವುದು? ಮರಿಗೆ ಆರರಿಂದ ಎಂಟು ವಾರವಾದಾಗ ಡಿಸ್ಟೆಂಪರ್, ಪಾರ್ವೊ ಇತ್ಯಾದಿಗಳ ಮೊದಲ ಸೂಜಿ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು, ಆಮೇಲೆ ವರ್ಷವರ್ಷವೂ. ಮಧ್ಯೆ ಜಂತುಹುಳುವಿನ ಔಷಧಿ, ಕಿವಿಯೊಳಗೆ ಕಚ್ಚಿ ಕೂತ ಉಣ್ಣೆ ಕೀಳುವ ಕೆಲಸ. ದನದ ಆಸ್ಪತ್ರೆಗೆ ಹಸು ಹೊಡೆದುಕೊಂಡು ಹೋಗಲು ನಾಚದ ಗಂಡಸರು ನಾಯಿ ಎತ್ತಿಕೊಂಡು ಹೋಗಲು ನಾಚುವುದನ್ನು ನೋಡಿದ್ದೇನೆ. ಹಸು ಹಾಲು ಕೊಡುತ್ತದೆ, ಅದಕ್ಕೆ ಗೌರವ.

ಹುಚ್ಚುನಾಯಿ ರೋಗದಲ್ಲಿ ಮಾತ್ರ ತಮಾಷೆ ಬೇಡ. ಕಚ್ಚಿದ ಕೂಡಲೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ, ಯಂತ್ರ ಕಟ್ಟಿಸುವುದು ಯಾವುದೂ ಬೇಡ. "ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ತಾರೆ" ಎಂದು ಇವತ್ತಿಗೂ ಹೆದರಿ ಮನೆಯಲ್ಲೇ ಉಳಿಯುವವರಿದ್ದಾರೆ. ಆ ಹಳೆಯ ಲಸಿಕೆ ತಯಾರಿಸುವುದನ್ನೇ ದೇಶದಲ್ಲಿ 2004ರ ಕೊನೆಗೆ ನಿಲ್ಲಿಸಿದರು. ಈಗ ತೋಳಿಗೆ ನಾಲ್ಕೈದು ಸರ್ತಿ, ಅಷ್ಟೇ. ರೋಗ ಕಾಣಿಸಿಕೊಂಡ ಮೇಲೆ ಮಾತ್ರ ಯಾವ ಆಸ್ಪತ್ರೆಯಲ್ಲೂ ಮದ್ದಿಲ್ಲ.

"ನಾಯಿ ಬೇಡ ಬಿಡಿ, ಗಿಳಿ ಸಾಕ್ತೀನಿ. ಅದಕ್ಕೆ ವಾಕಿಂಗ್ ಬೇಡ" ಎಂದ ಹುಡುಗ, ರಾಜಿಗೆ ಬಂದವನ ಹಾಗೆ. ಅದಕ್ಕೆ ಜೈಲು ಇದೆಯಪ್ಪ. ತೆಂಗಿನ ಪೊಟರೆಯಿಂದ ಮರಿ ಇಳಿಸಿ ಪಂಜರಕ್ಕೆ ಹಾಕಿ "ರಾಮ ರಾಮ" ಹೇಳಿಕೊಡುವುದು ನಮ್ಮ ಹಳೆಯ ಅಭ್ಯಾಸ, ಆದರೆ ನಮ್ಮ ಕಾಡಿನ ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಮೈಮೇಲೆ ನಕ್ಷತ್ರವಿರುವ ಆಮೆಯೂ ಅಷ್ಟೇ, ಮನೆಗೆ ಬಂದರೆ ಅದೃಷ್ಟ ಎಂದು ಯಾರೇ ಹೇಳಲಿ.

ಬೆಕ್ಕಿನ ಮಾತು ಎತ್ತಲೇ ಇಲ್ಲ. ಬೆಕ್ಕನ್ನು ಯಾರೂ ಸಾಕಿಕೊಳ್ಳುವುದಿಲ್ಲ. ಅದೇ ಬಂದು ಮನೆ ನೋಡಿ, ಹಿಡಿಸಿದರೆ ಉಳಿಯುತ್ತದೆ.

ಕಾನೂನು ಎಂದಾಗ ನೆನಪಾಯಿತು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಕೈತೊಳೆದುಕೊಳ್ಳುವುದೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೇ. ದಂಡ ಎಷ್ಟು ಗೊತ್ತೇ? ಮೊದಲ ಸಲಕ್ಕೆ 10 ರೂಪಾಯಿಗೆ ಕಡಿಮೆಯಿಲ್ಲದೆ, 50 ರೂಪಾಯಿಗೆ ಮೀರದೆ. ಹದಿಮೂರು ವರ್ಷದ ನಂಬಿಕೆಗೆ ಸರ್ಕಾರ ಕಟ್ಟಿದ ಬೆಲೆ ಒಂದು ಮಸಾಲೆದೋಸೆ, ಅದೂ ಕಾಫಿ ಬಿಟ್ಟು. ಹಾಗಾಗಿಯೇ ಇರಬೇಕು, ಚೀಲದಲ್ಲಿ ಬಂದ ಮರಿಗಳು ಆರು ತಿಂಗಳಿಗೆ ಮತ್ತೆ ಚೀಲ ಹತ್ತಿ, ಬೇರೆ ಊರಿನ ಸಂತೆಮಾಳದ ಹತ್ತಿರ ಇಳಿಯುವುದು. ಅದರಲ್ಲೂ ಹೆಣ್ಣುಮರಿ. ಮರಿ ಆಗದ ಹಾಗೆ ಆಪರೇಷನ್ ಮಾಡಿಸಲು "ಪಾಪ" ಎನ್ನುವವರೇ, ಅರವತ್ತು ಚಿಲ್ಲರೆ ದಿನಕ್ಕೆ ಹುಟ್ಟಿದ ಕಣ್ಣು ಬಿಡದ ಮರಿಗಳನ್ನು ಚೀಲದಲ್ಲಿ ಹಾಕಿ ಕಾಲುವೆ ಏರಿ ಮೇಲೆ ಇಟ್ಟು ಬರುತ್ತಾರೆ. ಆಮೇಲೆ ಬೀದಿನಾಯಿ ಹೆಚ್ಚಾದವು ಎಂದು ಪಂಚಾಯ್ತಿಗೆ ಅರ್ಜಿ ಕೊಡುವವರೂ ಅವರೇ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಿ ಎಂದು ಒಮ್ಮೆ ಹೇಳಿ, ಹನ್ನೊಂದು ದಿನಕ್ಕೆ ಅದನ್ನು ಬದಲಿಸಿ, ಆಪರೇಷನ್ ಮಾಡಿ ಲಸಿಕೆ ಹಾಕಿ ಅಲ್ಲಲ್ಲೇ ಬಿಡಿ ಎಂದಿತು. ದೇಶದ ದೊಡ್ಡ ನ್ಯಾಯಾಧೀಶರಿಗೇ ಅಷ್ಟು ಯೋಚನೆ ಹಿಡಿಸಿದ ವಿಷಯವನ್ನು ನಾವು ಬಸ್ ಸ್ಟ್ಯಾಂಡಿನಲ್ಲಿ ಟೀ ಆರುವುದರೊಳಗೆ ಮುಗಿಸುತ್ತೇವೆ.

ಹಾಗೆಂದು ಯಾರೂ ನಾಯಿ ಸಾಕಲೇಬಾರದು ಎಂದು ನಾನು ಹೇಳುತ್ತಿಲ್ಲ. ಪೂರ್ತಿ ತಯಾರಾದ ಮೇಲೆಯೇ ಎಂದು ಕೂತರೆ ಈ ಲೋಕದಲ್ಲಿ ಮದುವೆಯೇ ಆಗುತ್ತಿರಲಿಲ್ಲ. ತೇಜಸ್ವಿಯವರ 'ಕರ್ವಾಲೊ'ದ ಕಿವಿಯನ್ನು ಓದಿದವರು ನೆನಪಿಸಿಕೊಳ್ಳಲಿ. ಆ ನಾಯಿ ಶೋಕಿಗೆ ಇದ್ದದ್ದಲ್ಲ, ಅದರ ಯಜಮಾನ ತೋಟ ಕಾಡು ಅಲೆಯುವಾಗ ಜೊತೆಗೆ ಅಲೆಯಲು ಇದ್ದದ್ದು. ನಿಮ್ಮ ದಿನ ಹೇಗಿದೆಯೋ ಆ ದಿನದೊಳಗೆ ನಾಯಿಗೆ ಜಾಗವಿದೆಯೇ ನೋಡಿ. ನಾಯಿ ಬಂದ ಮೇಲೆ ಬೆಳಗ್ಗೆ ಐದಕ್ಕೆ ಏಳುತ್ತೇನೆ ಎನ್ನುವವರು ಒಂದು ತಿಂಗಳು ನಾಯಿಯಿಲ್ಲದೆ ಎದ್ದು ಊರಾಚೆಯ ತನಕ ನಡೆದು ತೋರಿಸಲಿ. ಹೀಗೆಂದು ನಮ್ಮ ಹುಡುಗನಿಗೆ ಹೇಳಿದೆ. ಎರಡು ದಿನ ಎದ್ದ. ಮೂರನೆಯ ದಿನ ಮಳೆ ಬಂತು ಎಂದ; ಅಂಗಳ ಒಣಗಿತ್ತು.

ಅಷ್ಟರಲ್ಲಿ ಬೇರೆಯೇ ಒಂದು ಕತೆಯಾಯಿತು. ಆ ಎರಡು ದಿನದ ನಡಿಗೆಯಲ್ಲಿ ಒಂದು ಕೆಂಚು ಬಣ್ಣದ ಬೀದಿನಾಯಿ ಅವನ ಹಿಂದೆ ಬಂದಿತ್ತಂತೆ. ಮೂರನೆಯ ದಿನ ಅವನು ಏಳಲಿಲ್ಲ, ಅದು ಎದ್ದು ಬಂದು ಬೈಕಿನ ಪಕ್ಕ ಕೂತಿತ್ತು. ಜಾತಿಯಿಲ್ಲ, ಸರ್ಟಿಫಿಕೇಟಿಲ್ಲ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. "ಯಾರ್ ಕರೆದ್ರು ಇದನ್ನ" ಎಂದು ದೊಡ್ಡವ್ವ ಪೊರಕೆ ಎತ್ತಿದಳು. ಮಧ್ಯಾಹ್ನ ನೋಡಿದರೆ ಅದರ ಮುಂದೆ ಮುದ್ದೆ, ಮೇಲೆ ಮಜ್ಜಿಗೆ. ಕೇಳಿದರೆ, "ಮಿಕ್ಕಿತ್ತು, ಹಳಸೋಯ್ತದ ಅಂತ ಹಾಕ್ದಿ" ಎಂದಳು. ಮುದ್ದೆಯಿಂದ ಇನ್ನೂ ಹಬೆಯಾಡುತ್ತಿತ್ತು.

ಈಗ ಕೆಂಚನಿಗೆ ಸೂಜಿ ಹಾಕಿಸಲು ದನದ ಆಸ್ಪತ್ರೆಗೆ ಹೋಗಿ ಬಂದಿದ್ದಾರೆ. ಅಲ್ಲಿ ಚೀಟಿ ಬರೆಯುವವರು "ಮಾಲೀಕರ ಹೆಸರು?" ಎಂದರಂತೆ. ನಮ್ಮ ಹುಡುಗ, "ಇನ್ನೂ ಡಿಸೈಡ್ ಮಾಡಿಲ್ಲ ಸಾರ್, ಯೋಚನೆ ಮಾಡ್ತಾ ಇದೀವಿ" ಎಂದನಂತೆ. ಅವರು ಅವನನ್ನೂ, ಅವನ ಕಾಲ ಮೇಲೆ ತಲೆಯಿಟ್ಟು ಕೂತಿದ್ದ ನಾಯಿಯನ್ನೂ ನೋಡಿ, ಏನೂ ಹೇಳದೆ ಅವನ ಹೆಸರನ್ನೇ ಬರೆದುಕೊಂಡರಂತೆ.

ಮೊನ್ನೆ ದೀಪಾವಳಿಗೆ ಬೆಟ್ಟಕ್ಕೆ ಹೋಗುವ ಮಾತು ಎದ್ದಿತು. ಟೆಂಪೊಗೆ ಎಷ್ಟು ಜನ, ಯಾರ ಹರಕೆ, ಯಾರು ಮುಡಿ ಕೊಡುವವರು ಎಂದು ಲೆಕ್ಕ ಹಾಕುವಾಗ ಹುಡುಗ ಮೆಲ್ಲಗೆ, "ನೀವೆಲ್ಲ ಹೋಗ್ಬನ್ನಿ ಅಜ್ಜಿ, ನಾನು ಮನೇಲಿ ಇರ್ತೀನಿ. ಪಟಾಕಿ ಸದ್ದಿಗೆ ಅದು ಹೆದರ್ಕೊಳ್ತದೆ" ಎಂದ. ನಾನು ದೊಡ್ಡವ್ವನ ಮುಖ ನೋಡಿದೆ. ಈಗ ಅವಳ ಕಣ್ಣಲ್ಲಿ ನೀರು ಬರುತ್ತದೆ, ಸಿನಿಮಾದಲ್ಲಿ ಬಂದ ಹಾಗೆ, ಎಂದುಕೊಂಡೆ.

"ಇರ್ತೀಯಾ?" ಎಂದಳು ದೊಡ್ಡವ್ವ. "ಹಂಗಾರ ಒಳ್ಳೇದಾಯ್ತು ಬುಡು. ಹೆಂಗೂ ಇರ್ತೀಯಲ್ಲ, ಹಸೂಗ ಎರಡೊತ್ತು ಹುಲ್ಲು ಹಾಕ್ಬುಡು. ಸಂಜಿಕ ಕೋಳಿ ಮುಚ್ಚು. ನಲ್ಲೀಲಿ ನೀರು ಬಂದ್ರ ತೊಟ್ಟಿ ತುಂಬ್ಸು. ಎದುರು ಮನೆಯವ್ರೂ ನಮ್ ಜೊತೆಗೇ ಬತ್ತಾವ್ರ, ಅವ್ರ ಮೇಕೇನೂ ವಸಿ ನೋಡ್ಕೊ."